ಟೆಂಟಿನಲ್ಲಿ ಒಂದು ಪೂರ್ತಿ ರಾತ್ರಿ

ನಾವು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಏನೂ ಆಗುವುದಿಲ್ಲ. ಹೊರಗೆ ಹೋಗಿ ಒಂದು ರಾತ್ರಿ ಮಲಗಿ ಬರೋಣ ಅಂತ ಹೊರಟರೆ ಮಾತ್ರ ಏನಾದರೊಂದು ಆಗಿಯೇ ತೀರುತ್ತದೆ. ಹೋದ ಬೇಸಿಗೆ ಪೂರ್ತಿ ಹೀಗೇ ಆಯಿತು, ಆಗಿದ್ದೆಲ್ಲ ಒಂದೇ ಜಾಗದಲ್ಲಿ ಆಯಿತು.

ಆ ಜಾಗ ಡಚ್ಚರ ನಾಡಿನ ಟಿಲ್‌ಬರ್ಗಿನಲ್ಲಿರುವ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಪೈನ್ ಮರಗಳ ಕಾಡು, ನಡುವೆ ಹಾಲು ಹಾಕದ ಚಹಾದ ಬಣ್ಣದ ಒಂದು ಕೆರೆ, ಕೆರೆಯ ಪಕ್ಕದಲ್ಲಿ ಟೆಂಟ್ ಹಾಕಲು ಹುಲ್ಲುಜಾಗ. ಕರೆಂಟ್ ಇಲ್ಲ, ಅಂಗಡಿ ಇಲ್ಲ, ಜೋರು ಮಾತೂ ಇಲ್ಲ. ಅದನ್ನು ನೋಡಿಕೊಳ್ಳುವವರು ಒಬ್ಬ ಎತ್ತರದ ಹೆಂಗಸು. ಯಾವಾಗಲೂ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಓಡಾಡುವ ಅವರನ್ನು ನಾವು ಮನೆಯಲ್ಲಿ ಬೂಟಿನಮ್ಮ ಅಂತಲೇ ಕರೆಯುವುದು.

ನಮಗೆ ಕ್ಯಾಂಪಿಂಗ್ ಹುಚ್ಚು ಹತ್ತಿದ್ದು ನಮ್ಮಿಂದಲ್ಲ, ಎಂಟು ವರ್ಷದ ಮಗಳಿಂದ. ಅವಳ ಶಾಲೆಯಲ್ಲಿ ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ಕುರ್ಚಿಗಳನ್ನು ಸುತ್ತಲೂ ಹಾಕಿಕೊಂಡು ಕೂರುತ್ತಾರೆ. ಶನಿವಾರ ಭಾನುವಾರ ಏನು ಮಾಡಿದಿರಿ ಅಂತ ಟೀಚರ್ ಕೇಳುತ್ತಾರೆ, ಒಬ್ಬೊಬ್ಬರಾಗಿ ಹೇಳಬೇಕು. ಇದಕ್ಕೆ ಕ್ರಿಂಗ್ ಅಂತ ಹೆಸರು. ಟೀಚರಮ್ಮನಿಗೆ ಇಲ್ಲಿ ಯುಫ್ ಅನ್ನುತ್ತಾರೆ. ಮೇ ತಿಂಗಳು ಬಂತೆಂದರೆ ಕ್ರಿಂಗ್‌ನಲ್ಲಿ ಎಲ್ಲ ಮಕ್ಕಳದ್ದೂ ಟೆಂಟಿನ ಕತೆ. ನಮ್ಮವಳು ಮಾತ್ರ ವಾರ ಬಿಟ್ಟು ವಾರ 'ಆಮ್ಸ್ಟೆಲ್‌ವೀನ್‌ಗೆ ಇಂಡಿಯನ್ ಅಂಗಡಿಗೆ ಹೋಗಿ ಬೇಳೆ ತಂದೆವು' ಅಂತ ಹೇಳಿ ಕೂರುತ್ತಿದ್ದಳು.

ಒಂದು ಸೋಮವಾರ ಅತ್ತುಕೊಂಡು ಬಂದಳು. ಬೇಸಿಗೆ ರಜೆಗೆ ಶಾಲೆ ಮುಚ್ಚುವ ಮೊದಲು ಒಂದೇ ಒಂದು ಸಲ ಟೆಂಟಿನಲ್ಲಿ ಮಲಗಿ, ಅದನ್ನು ಕ್ರಿಂಗ್‌ನಲ್ಲಿ ಹೇಳಬೇಕಂತೆ. 'ಹೋಲ್ ನೈಟ್, ಮಮ್ಮಾ. ಅರ್ಧ ಮಲಗಿದ್ರೆ ಅದು ಕ್ಯಾಂಪಿಂಗ್ ಅಲ್ಲ' ಅಂದಳು. ಬೇಳೆ ತಂದ ಕತೆಯನ್ನು ಇಷ್ಟು ದಿನ ಹೇಗೆ ಹೇಳಿದಳೋ ಪಾಪ. ಆಗಲಿ, ಒಂದು ರಾತ್ರಿ ತಾನೇ ಅಂದೆ.

ಲಾಜಿಸ್ಟಿಕ್ಸ್

ನನ್ನ ಗಂಡ ಲಾಜಿಸ್ಟಿಕ್ಸ್ ಕಂಪನಿಯಲ್ಲಿದ್ದಾರೆ. ಯಾವ ಪೆಟ್ಟಿಗೆ ಯಾವ ಲಾರಿಯಲ್ಲಿ ಎಲ್ಲಿಗೆ ಹೋಗಬೇಕು ಅಂತ ಅರ್ಧ ಯುರೋಪಿಗೆ ಹೇಳಿಕೊಡುವುದೇ ಅವರ ಕೆಲಸ. ಹಾಗಾಗಿ ಸಾಮಾನು ಕಟ್ಟುವ ವಿಚಾರದಲ್ಲಿ ನಾನು ಬಾಯಿ ಹಾಕಬಾರದು ಅಂತ ಮೊದಲೇ ಕರಾರಾಗಿತ್ತು.

ಡಚ್ಚರು ಸೈಕಲ್ಲಿಗೆ ಎರಡು ಚೀಲ ನೇತುಹಾಕಿಕೊಂಡು ಬಂದು ಎರಡು ವಾರ ಇದ್ದು ಹೋಗುತ್ತಾರೆ. ನಮ್ಮದು ಹಾಗಲ್ಲ. ದೂರದ ಊರಿಗೆ ಹೋಗುವಾಗ ಮನುಷ್ಯ ಏನೇನು ಬೇಡ ಅಂತ ಯೋಚನೆ ಮಾಡುತ್ತಾನೆ. ಹತ್ತಿರದ ಊರಿಗೆ ಹೋಗುವಾಗ ಎಲ್ಲಕ್ಕೂ 'ಹತ್ತಿರ ತಾನೇ, ಇರಲಿ' ಅನ್ನುತ್ತಾನೆ. ಇಡ್ಲಿ ಪಾತ್ರೆ ಬಂತು, ದೋಸೆ ಕಾವಲಿ ಬಂತು, ಸೋನಾ ಮಸೂರಿಯ ಚೀಲ ಒಡೆಯದೆ ಇಡಿಯಾಗಿ ಬಂತು. ಬೆನ್ನುನೋವಿಗೆ ಮಡಚುವ ಮಂಚ, ಸೊಳ್ಳೆಗೆ ಬ್ಯಾಟು, ಚಳಿಗೆ ಮೂರು ರಜಾಯಿ, ದೀಪ ಹಚ್ಚಲು ಸಣ್ಣ ಗಣಪತಿ, ಗಣಪತಿಗೆ ಒಂದು ಮಣೆ. ಕಾರು ಎರಡು ಸಲ ಓಡಿತು. ಎರಡನೇ ಸಲ ನಾನು ಮಡಿಲಲ್ಲಿ ಮಿಕ್ಸಿ ಇಟ್ಟುಕೊಂಡು ಕೂತಿದ್ದೆ. ಕರೆಂಟಿಲ್ಲದ ಜಾಗಕ್ಕೆ ಮಿಕ್ಸಿ ಯಾಕೆ ಅಂತ ಕೇಳಬೇಕೆನ್ನಿಸಿತು, ಕರಾರು ನೆನಪಾಗಿ ಮಿಕ್ಸಿಯನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ನಾವು ಇಳಿಸುವುದನ್ನು ಬೂಟಿನಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದರು. ಎಷ್ಟು ತಿಂಗಳು ಇರುತ್ತೀರಿ ಅಂತ ಕೇಳಿದರು. ಒಂದು ರಾತ್ರಿ ಅಂದೆ. ಅವರು ತಲೆಯಾಡಿಸಿ, ಬೇರೆ ದೇಶದ ಪದ್ಧತಿಯಲ್ಲಿ ತಾನು ಮಧ್ಯೆ ಬರಬಾರದು ಅನ್ನುವಂತೆ ಒಂದು ಹೆಜ್ಜೆ ಹಿಂದೆ ಸರಿದರು.

ಎಲ್ಲ ಇಳಿಸಿ ಮುಗಿದ ಮೇಲೆ ನನ್ನ ಗಂಡ ಹುಲ್ಲಿನ ಮೇಲೆ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಅಕ್ಕಿ ಚೀಲವನ್ನು ಎತ್ತಿ ಅದರ ಕೆಳಗೂ ನೋಡಿದರು. ಮರೆಯಬಾರದು ಅಂತ ಹಿಂದಿನ ದಿನವೇ ಮುಂಬಾಗಿಲ ಹತ್ತಿರ ಇಟ್ಟಿದ್ದ ಟೆಂಟನ್ನು, ಇವನ್ನೆಲ್ಲ ಸಾಗಿಸಲು ಅಡ್ಡವಾಗುತ್ತೆ ಅಂತ ಅವರೇ ಬಾಗಿಲ ಹಿಂದಕ್ಕೆ ಸರಿಸಿದ್ದರು. ಅದು ಅಲ್ಲೇ ಇತ್ತು. ಅದನ್ನು ತರಲು ಹೇಗೂ ಮನೆಗೆ ಹೋಗಲೇಬೇಕು, ಹೋದ ಮೇಲೆ ಮತ್ತೆ ಬರುವುದೇನು, ಮೋಡ ಬೇರೆ ಆಗಿದೆ ಅಂದರು. ಮಗಳು ಹೋಗಿ ಕಾರಿನಲ್ಲಿ ಕೂತಳು. ಎಲ್ಲವನ್ನೂ ತಿರುಗಿ ಹೇರುವಾಗ ಬೂಟಿನಮ್ಮ ಬಂದು ಇಡ್ಲಿ ಪಾತ್ರೆ ಎತ್ತಿಕೊಟ್ಟರು.

'ಎಲ್ಲಾ ತಂದಿದ್ದಿರಿ' ಅಂದರು, 'ಮನೆ ಒಂದನ್ನು ಬಿಟ್ಟು.'

ಬೇಳೆ

ಜೂನ್ ತಿಂಗಳಿಗೆ ಹುಬ್ಬಳ್ಳಿಯಿಂದ ನಮ್ಮ ಅತ್ತೆ ಬಂದರು. ಸೂಟ್‌ಕೇಸಿನಲ್ಲಿ ಎರಡು ಸೀರೆ, ಉಳಿದ ತೂಕಕ್ಕೆಲ್ಲ ಒಂದು ಕಲ್ಲಿನ ಕುಟ್ಟಾಣಿ. ಶೇಂಗಾ ಚಟ್ನಿ ಕುಟ್ಟಿದರೇ ಚಟ್ನಿ, ತಿರುವಿದರೆ ಅದು ಬೇರೇನೋ ಅನ್ನುವುದು ಅವರ ನಂಬಿಕೆ. ವಿಮಾನ ನಿಲ್ದಾಣದಲ್ಲಿ ಆ ಪೆಟ್ಟಿಗೆ ಎತ್ತಲು ಹೋದ ನನ್ನ ಗಂಡ ಹಾಗೇ ಬಗ್ಗಿಯೇ ಉಳಿದರು.

ಮನೆ ಇರುವಾಗ ಬಯಲಲ್ಲಿ ಮಲಗುವ ಮಂದಿಯನ್ನು ಅತ್ತೆ ಮೊದಲು ಬಹಳ ಹೊತ್ತು ಬೈದರು. ಆಮೇಲೆ ಮೊಮ್ಮಗಳ ಮುಖ ನೋಡಿದರು. 'ನಾ ಊರಿಗೆ ಹೋಗೂದ್ರೊಳಗ ನಿನ್ನ ಟೆಂಟಿನ್ಯಾಗ ಮಲಗಸ್ತೀನಿ ಕೂಸ. ಮಾತು ಕೊಟ್ಟೀನಿ' ಅಂದರು. ಅವರ ಟಿಕೆಟ್ಟೂ ಶಾಲೆ ಮುಚ್ಚುವುದೂ ಒಂದೇ ವಾರದಲ್ಲಿತ್ತು. ಅತ್ತೆ ಮಾತು ಕೊಟ್ಟರೆ ಅದು ಎಷ್ಟು ಗಟ್ಟಿ ಅಂತ ನನಗೆ ಗೊತ್ತು, ಆ ಕುಟ್ಟಾಣಿಯೂ ಮಗನಿಗೆ ಕುಟ್ಟಿದ ಚಟ್ನಿ ತಿನ್ನಿಸುತ್ತೇನೆ ಅಂತ ಮಾತು ಕೊಟ್ಟಿದ್ದಕ್ಕೇ ಬಂದದ್ದು.

ಅವರ ಇನ್ನೊಂದು ಶಾಸನ, ಬೇಳೆಗೆ ಮೂರು ಸೀಟಿ. ಎರಡಾದರೆ ಕಾಳು, ನಾಲ್ಕಾದರೆ ಅಂಟು. ಕುಕ್ಕರ್ ಮೂರನೇ ಸಲ ಕೂಗಿದ್ದೇ ತಡ, ಸ್ನಾನದಮನೆಯಲ್ಲಿರಲಿ, ಜಪದಲ್ಲಿರಲಿ, ಮಧ್ಯಾಹ್ನದ ನಿದ್ದೆಯಲ್ಲಿರಲಿ, ಅಲ್ಲಿಂದಲೇ 'ಮೂರಾತು, ಗ್ಯಾಸ್ ಬಂದ್ ಮಾಡ' ಅನ್ನುತ್ತಾರೆ. ನಾನು ಯಾವ ಮೂಲೆಯಲ್ಲಿದ್ದರೂ ಎದ್ದು ಹೋಗಿ ಬಂದ್ ಮಾಡುತ್ತೇನೆ. ಅದು ನನ್ನ ಕೈಕಾಲಿಗೇ ಅಭ್ಯಾಸವಾಗಿಬಿಟ್ಟಿದೆ, ತಲೆಯವರೆಗೆ ಹೋಗುವುದೇ ಇಲ್ಲ.

ಎರಡನೇ ಸಲ ಕೆರೆಗೆ ಹೋದಾಗ ಟೆಂಟನ್ನು ಎಲ್ಲಕ್ಕಿಂತ ಮೊದಲು ಕಾರಿಗೆ ಹಾಕಿದೆವು. ಬಿಸಿಲಿತ್ತು. ಕೆರೆ ತುಂಬ ಮಕ್ಕಳು. ದಂಡೆಯಲ್ಲಿ ಎತ್ತರದ ಕುರ್ಚಿ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಒಬ್ಬ ಹೆಂಗಸು ಕಾವಲಿಗಿದ್ದರು. ಸೀಟಿ ಕೇಳಿದ ಕೂಡಲೇ ಎಲ್ಲರೂ ನೀರು ಬಿಟ್ಟು ಮೇಲೆ ಬರಬೇಕು ಅಂತ ಪಕ್ಕದಲ್ಲಿ ಬೋರ್ಡು. ನಮ್ಮ ಟೆಂಟು ಪೊದೆಯ ಹಿಂದೆ. ಅತ್ತೆ ಗ್ಯಾಸ್ ಒಲೆಯ ಮೇಲೆ ಬೇಳೆಗಿಟ್ಟು, ಕೆರೆ ಕಾಣುವ ಹಾಗೆ ಮಡಚುವ ಮಂಚ ಹಾಕಿಕೊಂಡು ಕೂತರು.

ಕುಕ್ಕರ್ ಒಂದು ಸಲ ಕೂಗಿತು. ಕೆರೆಯಲ್ಲಿದ್ದ ಅಷ್ಟೂ ಮಕ್ಕಳು ತಿರುಗಿ, ಒಂದೂ ಮಾತಿಲ್ಲದೆ, ದಂಡೆಗೆ ಹತ್ತಿ ನಡುಗುತ್ತಾ ನಿಂತವು. ಕಾವಲಿನ ಹೆಂಗಸು ತನ್ನ ಕೊರಳಿನ ಸೀಟಿಯನ್ನು ಕೈಯಲ್ಲಿ ಹಿಡಿದು ನೋಡಿಕೊಂಡರು. ಮಕ್ಕಳನ್ನು ಎಣಿಸಿದರು. ಎಲ್ಲ ಸರಿಯಿತ್ತು, ವಾಪಸ್ ನೀರಿಗೆ ಕಳಿಸಿದರು. ಮಕ್ಕಳು ಸೊಂಟದವರೆಗೆ ಇಳಿದಿದ್ದವೋ ಇಲ್ಲವೋ, ಎರಡನೇ ಸೀಟಿ. ಮತ್ತೆ ಎಲ್ಲ ಮೇಲೆ. ಈ ಸಲ ಆಕೆ ಸದ್ದು ಬಂದ ದಿಕ್ಕು ಹಿಡಿದು ಪೊದೆ ಸರಿಸಿಕೊಂಡು ನೇರ ನಮ್ಮ ಒಲೆಯ ಮುಂದೆ ಬಂದು ನಿಂತರು. ನನಗೆ ಆ ಕೆರೆಗೇ ಹಾರಿಬಿಡೋಣ ಅನ್ನಿಸಿತು.

ಅತ್ತೆಗೆ ಮಾತ್ರ ಆಕೆಯನ್ನು ಕಂಡು ಬಹಳ ಸಂತೋಷ. ಆಕೆಗೆ ಡಚ್ಚಿನಲ್ಲಿ ಹೇಳು ಅಂತ ನನಗೆ ಅಂದರು.

'ಎಂಥಾ ಶಿಸ್ತಿನ ಹುಡುಗ್ರು ಅಂತ ಹೇಳ ಅಕಿಗೆ. ನಮ್ಮ ಕಡೆ ಹತ್ತು ಸಲ ಒದರಿದ್ರೂ ಬರೂದಿಲ್ಲ. ಇನ್ನೊಂದ ಸೀಟಿ ಉಳದೈತಿ, ಅಲ್ಲೀತನಕ ಎಲ್ಲಾರನ್ನೂ ದಂಡೀಮ್ಯಾಲೇ ನಿಲ್ಲಸ ಅನ್ನು.'

ಲ್ಯಾಪ್‌ಟಾಪ್ ಬ್ಯಾಗು

ಆ ದಿನವೂ ಮಲಗುವುದು ಆಗಲಿಲ್ಲ. ಕೆರೆಯ ಮಂದಿಗೆಲ್ಲ ಮುಖ ಹೇಗೆ ತೋರಿಸುವುದು ಅಂತ ನನ್ನ ಗಂಡ ಸಂಜೆಗೇ ಟೆಂಟ್ ಬಿಚ್ಚಿದರು. ಮಕ್ಕಳ ಅಪ್ಪ ಅಮ್ಮಂದಿರು ನಗುನಗುತ್ತಾ ಬಂದು ಬೇಳೆಯ ರುಚಿ ನೋಡಿ ಹೋದರು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಮನೆ ಹತ್ತಿರ ಇರುವುದರ ಕಷ್ಟ ಇದೇ. ದೂರವಿದ್ದಿದ್ದರೆ ನಾಚಿಕೆಯನ್ನು ನುಂಗಿಕೊಂಡು ಮಲಗಲೇಬೇಕಿತ್ತು.

ಮೂರನೇ ಸಲ ಬೆಳಿಗ್ಗೆಯೇ ಹೋದೆವು. ಪಕ್ಕದ ಕ್ಯಾರವಾನಿನಲ್ಲಿ ಒಬ್ಬ ನಿವೃತ್ತ ಯಜಮಾನರಿದ್ದರು. ಅವರ ಕೆಲಸವೆಂದರೆ ಕುರ್ಚಿ ಹಾಕಿಕೊಂಡು ದಾರಿಯಲ್ಲಿ ಹೋಗಿಬರುವವರನ್ನು ನೋಡುವುದು, ಎಲ್ಲರಿಗೂ ನಮಸ್ಕಾರ ಹೇಳುವುದು.

ಇಲ್ಲಿನ ಕ್ಯಾಂಪಿಂಗ್ ಜಾಗಗಳಲ್ಲಿ ಒಂದು ಪದ್ಧತಿ. ಶೌಚಾಲಯದಲ್ಲಿ ಪೇಪರ್ ಇರುವುದಿಲ್ಲ, ಅವರವರ ರೋಲ್ ಅವರವರೇ ಒಯ್ಯಬೇಕು. ಡಚ್ಚರಿಗೆ ಇದರಲ್ಲಿ ಸಂಕೋಚವೇನೂ ಇಲ್ಲ. ಗಂಡಸರು, ಹೆಂಗಸರು, ಅಜ್ಜ, ಅಜ್ಜಿ, ಎಲ್ಲರೂ ರೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕವರ ಜೊತೆ ಹವಾಮಾನ ಮಾತಾಡುತ್ತಾ, ದೇವಸ್ಥಾನಕ್ಕೆ ಹಣ್ಣುಕಾಯಿ ಒಯ್ಯುವ ಹಾಗೆ ಹೋಗುತ್ತಾರೆ. ಅತ್ತೆ ಇದನ್ನು ನೋಡಿ, ತಮ್ಮ ತಾಮ್ರದ ಚೊಂಬನ್ನು ತಾವೂ ರಾಜಾರೋಷವಾಗಿ ಹಿಡಿದುಕೊಂಡು ಹೊರಟರು. ಯಜಮಾನರಿಗೆ ಚೊಂಬು ಎತ್ತಿ ನಮಸ್ಕಾರವನ್ನೂ ಹೇಳಿದರು.

ನನ್ನ ಗಂಡನಿಗೆ ಮಾತ್ರ ಪ್ರಾಣ ಹೋದರೂ ಅದು ಆಗದು. ತಾವು ಎಲ್ಲಿಗೆ ಹೋಗುತ್ತಿದ್ದೇವೆ ಅಂತ ಜಗತ್ತಿಗೆ ಗೊತ್ತಾಗಬಾರದು. ಅವರು ರೋಲನ್ನು ಆಫೀಸಿನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹಾಕಿಕೊಂಡು, ಬ್ಯಾಗನ್ನು ಹೆಗಲಿಗೇರಿಸಿ, ಹುಬ್ಬು ಗಂಟಿಕ್ಕಿಕೊಂಡು ಹೋಗುತ್ತಿದ್ದರು. ಹಿಂದಿನ ರಾತ್ರಿ ಅತ್ತೆಯ ಕೈಯ ಮಿರ್ಚಿ ಭಜಿ ಸ್ವಲ್ಪ ಹೆಚ್ಚೇ ಆಗಿತ್ತು, ಹಾಗಾಗಿ ಹೋಗಿಬರುವುದೂ ಹೆಚ್ಚಾಗಿಯೇ ನಡೆದಿತ್ತು.

ಮಧ್ಯಾಹ್ನ ಯಜಮಾನರು ಗಂಭೀರವಾಗಿ ನನ್ನ ಹತ್ತಿರ ಬಂದರು. ಬೇರೆಯವರ ಮನೆ ವಿಷಯದಲ್ಲಿ ಮಾತಾಡಬಾರದು, ಆದರೂ ಹೇಳುತ್ತೇನೆ ಅಂದರು. ರಜೆಯಲ್ಲೂ ಕೆಲಸ ಮಾಡಿಸುವ ಕಂಪನಿ ಒಳ್ಳೆಯದಲ್ಲ, ತಮ್ಮ ತಮ್ಮನೂ ಹೀಗೇ ದುಡಿದು ಆರೋಗ್ಯ ಕೆಡಿಸಿಕೊಂಡ ಅಂದರು. ಯಾರ ಬಗ್ಗೆ ಹೇಳುತ್ತಿದ್ದಾರೆ ಅಂತ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

'ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ' ಅಂದರು. 'ಪಾಪ, ಊಟದ ಮಧ್ಯದಲ್ಲೇ ಎದ್ದು ಹೋದರು. ಕೊನೇ ಸಲ ಅಂತೂ ಓಡಿಕೊಂಡೇ ಹೋದರು. ಮೀಟಿಂಗ್ ಅಷ್ಟು ಅರ್ಜೆಂಟ್ ಇತ್ತೇನು?'

ನರಿ

ಅದೇ ದಿನ ಸಂಜೆಯ ಮಾತು. ಬೇಸಿಗೆಯಲ್ಲಿ ಇಲ್ಲಿ ಸಂಜೆ ಮುಗಿಯುವುದೇ ಇಲ್ಲ. ಊಟ ಮುಗಿದು, ಭಜನೆ ಮುಗಿದು, ಆಕಳಿಕೆ ಬಂದರೂ ಬೆಳಕು ಇನ್ನೂ ಇರುತ್ತದೆ. ಅಂತೂ ನಾಲ್ವರೂ ಟೆಂಟಿನೊಳಗೆ ಹೋದೆವು. ಮಗಳು ಮಲಗುವ ಚೀಲದೊಳಗೆ ಕತ್ತಿನವರೆಗೆ ಇಳಿದು, ಇವತ್ತು ಆಗೇ ಆಗುತ್ತೆ ಅಂತ ಕಣ್ಣು ಮಿಟುಕಿಸಿದಳು. ನನಗೂ ಹಾಗೇ ಅನ್ನಿಸಿತ್ತು.

ಕ್ಯಾಂಪಿನಲ್ಲಿ ಎಲ್ಲರೂ ಚಪ್ಪಲಿ ಬೂಟುಗಳನ್ನು ಟೆಂಟಿನ ಒಳಗೇ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಅದು ಸಾಧ್ಯವೇ? ಬಟ್ಟೆಯದಾದರೇನು, ಮನೆ ಮನೆಯೇ. ಒಳಗೆ ಗಣಪತಿ ಬೇರೆ ಕೂತಿದ್ದ. ಬಾಗಿಲಲ್ಲಿ ನಾಲ್ಕು ಜೊತೆ ಸಾಲಾಗಿ ಬಿಟ್ಟಿದ್ದೆವು. ಆ ಇಡೀ ಕಾಡಿನಲ್ಲಿ ಚಪ್ಪಲಿ ಹೊರಗೆ ಬಿಟ್ಟ ಮನೆ ನಮ್ಮದೊಂದೇ.

ಏನೋ ಸರಸರ ಸದ್ದಾಯಿತು. ನನ್ನ ಗಂಡ ಜಿಪ್ಪನ್ನು ಎರಡು ಬೆರಳಷ್ಟು ಎಳೆದು ನೋಡಿ, ತಕ್ಷಣ ಮುಚ್ಚಿ, ತೋಳ ಅಂದರು. ನಾನು ನೋಡಿದೆ. ಕೆಂಚು ಬಣ್ಣದ ಒಂದು ನರಿ ಅತ್ತೆಯ ಹುಬ್ಬಳ್ಳಿ ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಸಾವಕಾಶವಾಗಿ ಪೊದೆಯೊಳಗೆ ನಡೆದುಹೋಗುತ್ತಿತ್ತು. ನನ್ನದು, ಮಗಳದ್ದು ಆಗಲೇ ಹೋಗಿದ್ದವು. ಬರೀ ಚಪ್ಪಲಿ ತಿನ್ನುವ ನರಿ ಅಂತ ಎಷ್ಟು ಹೇಳಿದರೂ ನನ್ನ ಗಂಡ ಮೊಬೈಲಿನಲ್ಲಿ ತೋಳಗಳ ಮ್ಯಾಪ್ ತೆಗೆದು ತೋರಿಸಿದರು. ಅದರಲ್ಲಿ ಅತಿ ಹತ್ತಿರದ ತೋಳ ಬೆಲ್ಜಿಯಂ ಗಡಿಯ ಆಚೆ ಇತ್ತು. ತೋಳಕ್ಕೆ ಪಾಸ್‌ಪೋರ್ಟ್ ಬೇಕಾಗಿಲ್ಲ ಅಂದರು. ಅಂತೂ ಟೆಂಟನ್ನು ಅಲ್ಲೇ ಬಿಟ್ಟು, ಉಳಿದ ಚಪ್ಪಲಿಯ ಕಡೆ ತಿರುಗಿಯೂ ನೋಡದೆ, ಎಲ್ಲರೂ ಬರಿಗಾಲಲ್ಲಿ ಕಾರಿಗೆ ನಡೆದೆವು. ಮಗಳು ದಾರಿಯುದ್ದಕ್ಕೂ ಅತ್ತಳು.

ಎರಡು ದಿನ ಬಿಟ್ಟು ಬೂಟಿನಮ್ಮ ಫೋನ್ ಮಾಡಿದರು. ಚಪ್ಪಲಿಗಳು ನರಿಯ ಬಿಲದ ಹತ್ತಿರ ಸಿಕ್ಕಿವೆ, ಸ್ವಲ್ಪ ಕಚ್ಚಿದ ಗುರುತಿದೆ, ಬಂದು ಟೆಂಟಿನ ಜೊತೆ ಒಯ್ಯಿರಿ ಅಂದರು. ನನ್ನ ಗಂಡನ ಸ್ಯಾಂಡಲ್ ಜೊತೆ ಮಾತ್ರ ಟೆಂಟಿನ ಬಾಗಿಲಲ್ಲೇ ಇತ್ತಂತೆ. ಅದನ್ನು ಯಾಕೆ ಮುಟ್ಟಲಿಲ್ಲ ಅಂತ ಕೇಳಿದೆ.

'ಹತ್ತಿರ ಬಂದ ಹೆಜ್ಜೆ ಗುರುತು ಇದೆ' ಅಂದರು. 'ಮೂಸಿ ನೋಡಿದೆ ಅನ್ನಿಸುತ್ತೆ. ಕಾಡುಪ್ರಾಣಿಯಾದರೇನು, ಅದಕ್ಕೂ ಆಯ್ಕೆ ಅಂತ ಇರುತ್ತಲ್ಲ.'

ಅಪ್ಪನ ಐಡಿಯಾ

ನರಿ ಬಂದ ಮರುದಿನ ಭಾನುವಾರ ನನ್ನ ಗಂಡ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಐಡಿಯಾ ಕೊಟ್ಟರು. ಟೆಂಟಿಗೆ ಹೋಗಿದ್ದು ನಿಜ, ಮಲಗುವ ಚೀಲದಲ್ಲಿ ಮಲಗಿದ್ದು ನಿಜ, ಆಮೇಲೆ ನಿದ್ದೆ ಎಲ್ಲಿ ಮಾಡಿದೆವು ಅನ್ನುವುದು ಯಾರಿಗೂ ಬೇಕಾಗಿಲ್ಲ. 'ಟೆಂಟಲ್ಲಿ ಮಲಗಿದ್ವಿ ಅಂತ ಹೇಳಿಬಿಡು ಪುಟ್ಟಾ' ಅಂದರು.

ಈ ಮಗು ಹುಟ್ಟಿದ್ದು ಇಲ್ಲೇ. ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೆ ಹೇಳುವುದೇ ಇಲ್ಲಿಯವರ ಮರ್ಯಾದೆ, ಅದನ್ನು ಅವಳು ಹಾಲಿನ ಜೊತೆ ಕುಡಿದಿದ್ದಾಳೆ. ನಮ್ಮ ಮನೆಗೆ ಊಟಕ್ಕೆ ಬಂದವರಿಗೆ 'ನೀವು ಯಾವಾಗ ಹೋಗ್ತೀರಾ' ಅಂತ ಪ್ರೀತಿಯಿಂದಲೇ ಕೇಳುವವಳು. ಆದರೂ ಆ ದಿನ ಸುಮ್ಮನೆ ತಲೆಯಾಡಿಸಿದಳು, ನನ್ನ ಗಂಡ ಗೆದ್ದೆ ಅಂದುಕೊಂಡರು.

ಸೋಮವಾರ ಕರೆತರಲು ಹೋದಾಗ ಗೇಟಿನಲ್ಲಿ ಯುಫ್ ನನ್ನನ್ನು ತಡೆದರು. ಮಧ್ಯವಯಸ್ಸಿನ, ಗಟ್ಟಿ ದನಿಯ, ಎಲ್ಲ ಮಕ್ಕಳನ್ನೂ ತನ್ನವೇ ಅನ್ನುವ ಹಾಗೆ ನೋಡಿಕೊಳ್ಳುವ ಹೆಂಗಸು. ನಗು ತಡೆಯಲು ತುಟಿ ಕಚ್ಚಿಕೊಂಡಿದ್ದರು. ಕ್ರಿಂಗ್‌ನಲ್ಲಿ ನಮ್ಮ ಮಗಳು ಎದ್ದುನಿಂತು ಹೇಳಿದ್ದನ್ನು ಹಾಗೇ ಹೇಳಿದರು.

'ನಾವು ಮನೇಲಿ ಮಲಗಿದ್ವಿ. ಆದ್ರೆ ಟೆಂಟಲ್ಲಿ ಮಲಗಿದ್ವಿ ಅಂತ ಹೇಳೋಕೆ ಅಪ್ಪ ಹೇಳಿದ್ದಾರೆ.'

ಕೊನೆಯ ಶನಿವಾರ

ಶಾಲೆ ಮುಚ್ಚುವ ಮೊದಲು ಉಳಿದದ್ದು ಒಂದೇ ಶನಿವಾರ. ಮರು ವಾರ ಅತ್ತೆ ಊರಿಗೆ. ಸೋಮವಾರದ್ದು ವರ್ಷದ ಕೊನೇ ಕ್ರಿಂಗ್. ಯುಫ್‌ಗೆ ಮುಂದಿನ ವರ್ಷ ಬೇರೆ ಕ್ಲಾಸು, ಹಾಗಾಗಿ ಹೇಳುವುದಿದ್ದರೆ ಈಗಲೇ ಹೇಳಬೇಕು. ಮಗಳು ಈ ಸಲ ಏನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ನನಗೆ ಹೆಚ್ಚು ಸಂಕಟವಾಯಿತು.

ಅತ್ತೆ ಎಲ್ಲ ಸಾಮಾನನ್ನೂ ಮತ್ತೆ ಹೇರಿಸಿದರು. ಅಕ್ಕಿ ಚೀಲ, ಕಾವಲಿ, ಮಂಚ, ಕುಟ್ಟಾಣಿ. ಬೂಟಿನಮ್ಮ ನೋಡಿ, ಈ ಸಲ ಮನೆ ತಂದಿದ್ದೀರಾ ಅಂತ ಮಾತ್ರ ಕೇಳಿದರು. ನನ್ನ ಗಂಡ ಟೆಂಟನ್ನು ಎತ್ತಿ ತೋರಿಸಿದರು. ನರಿಗಾಗಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ ತಂದಿದ್ದೆವು, ಚಪ್ಪಲಿಗಳೆಲ್ಲ ಅದರೊಳಗೆ. ನನ್ನ ಗಂಡನ ಸ್ಯಾಂಡಲ್ ಮಾತ್ರ ಹೊರಗೆ, ಅದಕ್ಕೆ ಕಾವಲು ಬೇಕಿರಲಿಲ್ಲ.

ಸಂಜೆ ಗಾಳಿ ಎದ್ದಿತು. ಹನಿ ಶುರುವಾದ ಮೇಲೆ ನಾವು ಒಳಗೇ ಉಳಿದೆವು. ಯಾರೋ ಸೈಕಲ್ಲಿನಲ್ಲಿ ತಡವಾಗಿ ಬಂದು ಸ್ವಲ್ಪ ದೂರದಲ್ಲಿ ಸಣ್ಣ ಟೆಂಟೊಂದು ಹಾಕಿಕೊಂಡಿದ್ದು ಕೇಳಿಸಿತು. ಗಾಳಿ ಜೋರಾಯಿತು. ನನ್ನ ಗಂಡನ ಮೊಬೈಲು ಹಳದಿ ಎಚ್ಚರಿಕೆ ಅಂತ ಕಿರುಚಿಕೊಂಡಿತು. ಅವರು ಎದ್ದು, ಎಂದಿನಂತೆ, ಮನೆಗೆ ಹೋಗೋಣ ಅಂದರು. ಮಗಳು ಮುಖವನ್ನು ಚೀಲದೊಳಗೆ ಎಳೆದುಕೊಂಡಳು.

ಕಾರಿನ ಕೀ ಸಿಗಲಿಲ್ಲ. ಜೇಬಿನಲ್ಲಿಲ್ಲ, ಬ್ಯಾಗಿನಲ್ಲಿಲ್ಲ. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೋಡುತ್ತಿದ್ದರು.

'ಕೀಲಿ ನನ್ನ ಹಂತ್ಯಾಕ ಐತಿ' ಅಂದರು. 'ಮುಂಜಾನೆ ಕೊಡ್ತೀನಿ. ಹೆದರಿಕಿ ಆದ್ರ ಕುಟ್ಟಾಣಿ ಹಿಡಕೊಂಡು ಮಲಗು.'

ಮಾತು ತಮಾಷೆಯದ್ದೇ, ಆದರೆ ಅದರಲ್ಲಿ ದಾರಿಯೂ ಇತ್ತು. ನನ್ನ ಗಂಡ ಹೊರಗೆ ಹೋಗಿ ಟೆಂಟಿನ ಒಂದು ಮೂಲೆಯ ಹಗ್ಗವನ್ನು ಕುಟ್ಟಾಣಿಗೆ ಕಟ್ಟಿದರು, ಇನ್ನೊಂದನ್ನು ಮಂಚಕ್ಕೆ. ಉಳಿದ ಎರಡು ಮೂಲೆಗೆ ಒಳಗಿನಿಂದ ಅಕ್ಕಿ ಚೀಲ ಮತ್ತು ನೀರಿನ ಕ್ಯಾನು. ಟೆಂಟು ಬಸವನಂತೆ ಕೂತುಬಿಟ್ಟಿತು. ಎಷ್ಟು ತೂಕವನ್ನು ಎಲ್ಲಿಡಬೇಕು ಅನ್ನುವ ಅವರ ವಿದ್ಯೆ ಆ ರಾತ್ರಿ ಮೊದಲ ಸಲ ಮನೆಯವರಿಗೆ ಉಪಯೋಗಕ್ಕೆ ಬಂತು. ನನಗೆ ಅವರ ಮೇಲೆ ನಿಜವಾಗಿ ಹೆಮ್ಮೆಯಾಯಿತು, ಹಾಗಂತ ಹೇಳಿಯೂಬಿಟ್ಟೆ.

ಅಷ್ಟರಲ್ಲಿ ಹೊರಗೆ ಬಟ್ಟೆ ಪಟಪಟನೆ ಬಡಿದ ಸದ್ದು, ಯಾರೋ ಡಚ್ಚಿನಲ್ಲಿ ಬೈದುಕೊಂಡ ಸದ್ದು. ಜಿಪ್ ತೆಗೆದು ಟಾರ್ಚ್ ಬಿಟ್ಟೆ. ಸೈಕಲ್ಲಿನವರ ಸಣ್ಣ ಟೆಂಟು ಆಗಲೇ ಪೈನ್ ಮರದ ಮೇಲಿತ್ತು. ಅದರ ಯಜಮಾನಿ ಪೈಜಾಮದಲ್ಲಿ, ತೊಪ್ಪೆಯಾಗಿ, ಒಂದು ಕೋಲು ಹಿಡಿದು ಮಳೆಯಲ್ಲಿ ನಿಂತಿದ್ದರು. ಮಗಳು ನನ್ನ ಕಂಕುಳಡಿಯಿಂದ ತಲೆ ಹಾಕಿ ನೋಡಿದಳು.

'ಯುಫ್' ಅಂದಳು.

ಅದು ಯುಫ್ ಅವರೇ. ಊರಿಗೆ ಹತ್ತಿರದ ಕೆರೆ ಇದೇ, ಬೇರೆಲ್ಲಿಗೆ ಹೋಗುತ್ತಾರೆ. ಅತ್ತೆ ಒಳಗೆ ಎಳೆದುಕೊಂಡರು, ತಮ್ಮ ಇಳಕಲ್ ಸೀರೆಯಲ್ಲಿ ಸುತ್ತಿದರು, ಬೇಳೆ ಸಾರನ್ನು ಬಿಸಿ ಮಾಡಿ ಲೋಟದಲ್ಲಿ ಕುಡಿಸಿದರು. ಬೂಟನ್ನು ಮಾತ್ರ ಹೊರಗೆ ಬಿಡಿಸಿದರು, ಟೀಚರಾದರೇನು. ಮಂಚ ಹೊರಗೆ ಹಗ್ಗ ಹಿಡಿದಿದ್ದರಿಂದ ಎಲ್ಲರೂ ನೆಲದಲ್ಲೇ ಸಾಲಾಗಿ ಮಲಗಿದೆವು. ಒಂದು ತುದಿಗೆ ನನ್ನ ಗಂಡ, ಆಮೇಲೆ ನಾನು, ಅತ್ತೆ, ಮಗಳು, ಇನ್ನೊಂದು ತುದಿಗೆ ಯುಫ್. ನಾನು ಕಣ್ಣು ಮುಚ್ಚಿದ್ದಷ್ಟೇ ಗೊತ್ತು.

ಎದ್ದಾಗ ಬಿಸಿಲು. ಟೆಂಟು ನೆಟ್ಟಗಿತ್ತು. ಮಗಳು ಎಲ್ಲರಿಗಿಂತ ಮೊದಲೇ ಎದ್ದು ಕೂತಿದ್ದಳು, ಕಣ್ಣು ಕೆಂಪಗಿದ್ದವು, ಸಂತೋಷಕ್ಕೆ ಇರಬೇಕು ಅಂದುಕೊಂಡೆ. ಯಾಕೋ ಒ‌ಲೆಯಿಂದ ಬಿಚ್ಚಿದ ಗ್ಯಾಸ್ ಸಿಲಿಂಡರ್ ನನ್ನ ದಿಂಬಿನ ಪಕ್ಕದಲ್ಲಿತ್ತು. ಯುಫ್ ಅವರ ಬೂಟು ಎರಡೂ ನರಿಯ ಪಾಲಾಗಿದ್ದವು, ಡಬ್ಬಿಯ ವಿಷಯ ಹೇಳಲು ನಾವು ಮರೆತಿದ್ದೆವು. ನನ್ನ ಗಂಡನ ಸ್ಯಾಂಡಲ್ ಅಲ್ಲೇ ಇತ್ತು. ಪಾಪ, ಯುಫ್ ಅದನ್ನೇ ಹಾಕಿಕೊಂಡು ಸೈಕಲ್ ಹತ್ತಿದರು. ಹೊರಡುವಾಗ ಮಗಳ ತಲೆ ಸವರಿ, ನಾಳೆ ಕ್ರಿಂಗ್‌ನಲ್ಲಿ ನಿನಗೆ ನಾನೇ ಸಾಕ್ಷಿ ಅಂದರು.

ಅತ್ತೆ ಸೆರಗಿನ ಗಂಟು ಬಿಚ್ಚಿ ಕೀ ಕೊಟ್ಟರು.

ಸೋಮವಾರ

ಮಧ್ಯಾಹ್ನ ನಾನು, ಅತ್ತೆ, ನನ್ನ ಗಂಡ ಮೂವರೂ ಗೇಟಿಗೆ ಹೋದೆವು. ಯುಫ್ ಸ್ಯಾಂಡಲ್ ಹಿಡಿದುಕೊಂಡು ಬಂದರು. ತೊಳೆದಿದ್ದರು, ಎರಡು ಸಲ ತೊಳೆದೆ ಅಂದರು. ಮುಖ ಇನ್ನೂ ಕೆಂಪಗಿತ್ತು.

ಮಗಳ ರಾತ್ರಿಯನ್ನು ಕ್ಲಾಸು ಒಪ್ಪಿಕೊಂಡಿದೆ, ಆದರೆ ಮಕ್ಕಳ ಕೈ ಎತ್ತಿಸಿ ತೀರ್ಮಾನ ಮಾಡಬೇಕಾಯಿತು ಅಂದರು. ಯಾಕೆ, ನೀವೇ ಸಾಕ್ಷಿ ಇದ್ದಿರಲ್ಲ ಅಂದೆ. ಸಾಕ್ಷಿ ಹೇಳಿದ್ದೇ ತಪ್ಪಾಯಿತು ಅಂದರು. ಈ ಹುಡುಗಿ ಪೂರ್ತಿ ರಾತ್ರಿ ಟೆಂಟಿನಲ್ಲಿ ಮಲಗಿದ್ದಾಳೆ, ನನ್ನ ಕಣ್ಣಾರೆ ನೋಡಿದ್ದೇನೆ ಅಂತ ಅವರು ಹೇಳಿದರಂತೆ. ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಿದವಂತೆ. ಅಷ್ಟರಲ್ಲಿ ನಮ್ಮ ಮಗಳು ಎದ್ದುನಿಂತು, ಇದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ನೀವೇ ಹೇಳಿ, ನಾನು ಮಲಗಿದ್ದೆ, ಆದರೆ ನಿದ್ದೆ ಬರಲಿಲ್ಲ ಅಂದಳಂತೆ. ಯಾಕೆ ಬರಲಿಲ್ಲ ಅಂತ ಒಬ್ಬಳು ಗೆಳತಿ ಕೇಳಿದಳಂತೆ.

ಯುಫ್ ಅಲ್ಲಿಗೆ ನಿಲ್ಲಿಸಿ, ಮುಂದಿನದನ್ನು ನೀನೇ ಹೇಳು ಅಂತ ಮಗಳನ್ನು ಮುಂದೆ ತಳ್ಳಿದರು. ಅವಳಿಗೇನು ಸಂಕೋಚ. ಕ್ಲಾಸಿನಲ್ಲಿ ಹೇಳಿದ್ದನ್ನೇ, ಅಜ್ಜಿಗೂ ತಿಳಿಯಲಿ ಅಂತ ಕನ್ನಡದಲ್ಲಿ ಹೇಳಿದಳು.

'ಯುಫ್ ಗೊರಕೆ ಹೊಡೀತಾ ಇದ್ರು, ಕುಕ್ಕರ್ ಥರಾನೇ, ಸೀಟಿ ಹಾಕಿ ಹಾಕಿ. ಮೂರು ಸೀಟಿ ಆದ್ಮೇಲೆ ಅಜ್ಜಿ ನಿದ್ದೇಲೇ ಮೂರಾತು, ಗ್ಯಾಸ್ ಬಂದ್ ಮಾಡ ಅಂದ್ರು. ಮಮ್ಮಾ ನಿದ್ದೇಲೇ ಎದ್ದು ಹೋಗಿ ಸಿಲಿಂಡರ್ ಬಿಚ್ಚಿಟ್ಟು ಬಂದು ಮಲಗಿದ್ರು. ಆದ್ರೂ ಯುಫ್ ಬಂದ್ ಆಗ್ಲಿಲ್ಲ.'